ಒಂದು ಆಟ, ಎರಡು ಸಾಲು: ಹಳೆಯ ಚೆಸ್ ಫಲಿತಾಂಶಗಳನ್ನು ತಾಳೆ ಹಾಕಿದ ನನ್ನ ಅನುಭವ

ಒಂದು ಸ್ವಿಸ್ ಪದ್ಧತಿಯ ಚೆಸ್ ಟೂರ್ನಿಯ ಟೆಕ್ಸ್ಟ್ ಫೈಲ್ ತೆರೆದಿದ್ದೆ. ಕೊನೆಯ ಕಾಲಂನಲ್ಲಿ ಒಬ್ಬರ ಅಂಕ 5, ಇನ್ನೊಬ್ಬರದು 4«, ಮತ್ತೊಬ್ಬರದು 4. ಆ « ಚಿಹ್ನೆ ಎಲ್ಲಿಂದ ಬಂತು ಅಂತ ಮೊದಲಿಗೆ ಹೊಳೆಯಲಿಲ್ಲ. 5 ಮತ್ತು 4ರ ನಡುವೆ ಕೂತಿದೆ ಅಂದಮೇಲೆ ಅದು ನಾಲ್ಕೂವರೆ ಇರಬೇಕು ಅಲ್ವಾ? ಹೌದು, ಅದು ½. ಚೆಸ್‌ನಲ್ಲಿ ಗೆಲುವಿಗೆ 1 ಅಂಕ, ಡ್ರಾಗೆ ಅರ್ಧ.

ಕಾರಣ ಹುಡುಕಿದಾಗ ಸಿಕ್ಕಿದ್ದು ಇಷ್ಟು. ಕೋಡ್ ಪೇಜ್ ಅಂದರೆ ಕಂಪ್ಯೂಟರಿನಲ್ಲಿ ಯಾವ ನಂಬರಿಗೆ ಯಾವ ಅಕ್ಷರ ಅನ್ನೋ ಪಟ್ಟಿ. ಹಳೆಯ ಡಾಸ್ ಕಾಲದ 437ನೇ ಕೋಡ್ ಪೇಜಿನಲ್ಲಿ ½ ಚಿಹ್ನೆಯ ನಂಬರು 171. ವಿಂಡೋಸಿನ 1252ನೇ ಕೋಡ್ ಪೇಜಿನಲ್ಲಿ 171 ಅಂದರೆ «. ಅಲ್ಲಿ ½ ಇರುವುದು 189ರಲ್ಲಿ. ಹೊಸ ಕಾಲದ ಯುಟಿಎಫ್-8ರಲ್ಲಿ ½ ಬರೆಯಲು 194 ಮತ್ತು 189 ಎರಡೂ ಬೈಟ್ ಬೇಕು. ಅದನ್ನು 1252ರ ರೀತಿಯಲ್ಲಿ ಓದಿದರೆ ½ ಮುಂದೆ ಟೋಪಿ ಹಾಕಿದ 'ಎ' ಅಕ್ಷರ ಬಂದು ಕೂರುತ್ತದೆ. ಹಾಗಾಗಿ ಒಂದೇ ಡ್ರಾ ಮೂರು ಫೈಲ್‌ಗಳಲ್ಲಿ ಮೂರು ವೇಷ ಹಾಕಿಕೊಂಡು ಬರುತ್ತದೆ.

ನನ್ನ ಹತ್ತಿರ ಇಂಥ ಸುಮಾರು 300 ಫೈಲ್‌ಗಳಿದ್ದವು. ಬೇರೆ ಬೇರೆ ಕಾಲದವು, ಬೇರೆ ಬೇರೆ ಕೈಗಳು ಟೈಪ್ ಮಾಡಿದವು. ಒಬ್ಬ ಆಟಗಾರ ಯಾರ ಜೊತೆ, ಯಾವ ಸುತ್ತಿನಲ್ಲಿ, ಯಾವ ಕಾಯಿ ಹಿಡಿದು ಆಡಿದ ಅಂತ ಕೇಳಿದರೆ ತಕ್ಷಣ ಉತ್ತರ ಸಿಗಬೇಕು, ಅದಕ್ಕೆ ಎಲ್ಲವನ್ನೂ ಒಂದೇ ರೂಪಕ್ಕೆ ತರಬೇಕು ಅನ್ನೋದು ನನ್ನ ಆಸೆ. ಕೆಲವರು ಟ್ಯಾಬ್ ಒತ್ತಿದ್ದರು, ಕೆಲವರು ಸ್ಪೇಸ್. ಇಮೇಲಿನಿಂದ ಕಾಪಿ ಮಾಡಿದ ಫೈಲ್‌ಗಳಲ್ಲಿ ಉದ್ದ ಸಾಲುಗಳು ಮುರಿದು ಎರಡಾಗಿದ್ದವು. ಸ್ಕ್ಯಾನ್ ಮಾಡಿ ತೆಗೆದ ಫೈಲ್‌ಗಳಲ್ಲಿ ಸೊನ್ನೆಯ ಜಾಗದಲ್ಲಿ ಇಂಗ್ಲಿಷ್ 'ಓ', ಒಂದರ ಜಾಗದಲ್ಲಿ 'ಎಲ್'. ಯಾರೋ ½ ಬದಲು 1/2 ಅಂತ ಬರೆದಿದ್ದರು. ಅದನ್ನು ಇನ್ಯಾರೋ ಸ್ಪ್ರೆಡ್‌ಶೀಟಿನಲ್ಲಿ ತೆರೆದು ಸೇವ್ ಮಾಡಿದ್ದರು. ಅಷ್ಟಕ್ಕೇ ಡ್ರಾಗಳೆಲ್ಲ ಫೆಬ್ರವರಿ 1 ಆಗಿಬಿಟ್ಟಿದ್ದವು.

ಶುರುವಿನಲ್ಲೇ ಒಂದು ತಪ್ಪು ಮಾಡಿದೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

ಹಳೆಯ ಪಟ್ಟಿಗಳಲ್ಲಿ +12 ಅಂದರೆ 12ನೇ ನಂಬರಿನವರ ಮೇಲೆ ಗೆಲುವು, =12 ಅಂದರೆ ಡ್ರಾ, -12 ಅಂದರೆ ಸೋಲು. ಓದೋಕೆ ಸುಲಭ. ಆದರೆ ಅಂತರರಾಷ್ಟ್ರೀಯ ಚೆಸ್ ಒಕ್ಕೂಟವಾದ ಫಿಡೆಗೆ ಕಳಿಸುವ ಟೂರ್ನಿ ವರದಿಯ ಫೈಲಿನಲ್ಲಿ ಆಡಿ ಗೆದ್ದರೆ 1, ಆಡಿ ಸೋತರೆ 0, ಡ್ರಾ ಆದರೆ =. ಅಲ್ಲಿ + ಅಂದರೆ ಎದುರಾಳಿ ಬರದೆ ಸಿಕ್ಕ ಗೆಲುವು, ಅಂದರೆ ವಾಕ್‌ಓವರ್. - ಅಂದರೆ ಆಡದೆ ಆದ ಸೋಲು. ನಾನು ಎಲ್ಲ ಫೈಲ್‌ಗಳನ್ನೂ ಒಟ್ಟಿಗೆ ತೆಗೆದುಕೊಂಡು, ಎಲ್ಲ + ಚಿಹ್ನೆಗಳನ್ನೂ 'ಗೆಲುವು' ಅಂತ ಒಂದೇ ಏಟಿಗೆ ಬದಲಾಯಿಸಿದೆ. ಒಟ್ಟು ಅಂಕ ಸರಿಯಾಗೇ ಬಂತು. ಆದರೆ ಯಾರು ಆಡಿ ಗೆದ್ದರು, ಯಾರು ಸುಮ್ನೆ ಕೂತು ಗೆದ್ದರು ಅನ್ನೋ ವ್ಯತ್ಯಾಸ ಅಳಿಸಿಹೋಯಿತು. ಆಡದ ಆಟ ರೇಟಿಂಗ್ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಇದು ಸಣ್ಣ ವ್ಯತ್ಯಾಸವಲ್ಲ. ಪುಣ್ಯಕ್ಕೆ ಮೂಲ ಫೈಲ್‌ಗಳ ಒಂದು ಪ್ರತಿ ಬೇರೆ ಕಡೆ ಇತ್ತು. ಎರಡು ವಾರದ ಕೆಲಸ ಎಸೆದು ಮೊದಲಿನಿಂದ ಶುರು ಮಾಡಿದೆ. ಅವತ್ತಿನಿಂದ ಮೂಲ ಫೈಲ್‌ಗಳ ಫೋಲ್ಡರಿಗೆ ಬೀಗ ಹಾಕಿದ್ದೇನೆ. ಪ್ರೋಗ್ರಾಂ ಅಲ್ಲಿಂದ ಓದಬಹುದು, ಬರೆಯುವಂತಿಲ್ಲ.

ಎರಡನೇ ಸಲ ಕೈ ಹಚ್ಚಿದಾಗ ಫೈಲನ್ನು ಮುಟ್ಟುವ ಮೊದಲು ಸುಮ್ಮನೆ ಕೂತು ಓದಿದೆ. ಆಗ ಒಂದು ವಿಷಯ ಗಟ್ಟಿಯಾಗಿ ತಲೆಯಲ್ಲಿ ಕೂತಿತು. ಚೆಸ್ ಪಟ್ಟಿಯಲ್ಲಿ ಪ್ರತಿ ಆಟವೂ ಎರಡು ಸಲ ಬರೆದಿರುತ್ತದೆ. ಒಮ್ಮೆ ನನ್ನ ಸಾಲಿನಲ್ಲಿ, ಒಮ್ಮೆ ನನ್ನ ಎದುರಾಳಿಯ ಸಾಲಿನಲ್ಲಿ. ನಾನು ಗೆದ್ದಿದ್ದರೆ ಅವರು ಸೋತಿರಬೇಕು. ನನಗೆ ಬಿಳಿ ಕಾಯಿ ಇದ್ದರೆ ಅವರಿಗೆ ಕಪ್ಪು. ನಾನು ನಾಲ್ಕನೇ ಸುತ್ತಿನಲ್ಲಿ ಅವರ ಜೊತೆ ಆಡಿದ್ದರೆ ಅವರೂ ಅದೇ ಸುತ್ತಿನಲ್ಲಿ ನನ್ನ ಜೊತೆ ಆಡಿರಬೇಕು. ಹಾಗಾಗಿ ಪಟ್ಟಿಯ ಒಂದು ಮನೆಯಲ್ಲಿ, ಅಂದರೆ ಒಂದು ಸುತ್ತಿನ ಫಲಿತಾಂಶ ಬರೆದ ಜಾಗದಲ್ಲಿ, ಏನಿದೆ ಅಂತ ಅನುಮಾನ ಬಂದರೆ ಊಹೆ ಮಾಡಬೇಕಿಲ್ಲ. ಎದುರಾಳಿಯ ಸಾಲನ್ನು ಕೇಳಿದರೆ ಆಯಿತು.

ಒಂದು ಉದಾಹರಣೆ ತೋರಿಸುತ್ತೇನೆ. ಏಳು ಸುತ್ತಿನ ಟೂರ್ನಿ. 7ನೇ ನಂಬರಿನವರ ಸಾಲು ಹೀಗಿತ್ತು:

+31 =18 -2 +12 +20 =9 -4, ಒಟ್ಟು 3½

ಕೂಡಿ ನೋಡಿ. ಮೂರು ಗೆಲುವು, ಎರಡು ಡ್ರಾ. 4 ಬರಬೇಕು, ಬರೆದಿರುವುದು 3½. ಒಟ್ಟು ತಪ್ಪೋ, ಒಳಗಿನ ಮನೆ ತಪ್ಪೋ? 12ನೇ ನಂಬರಿನವರ ಸಾಲಿಗೆ ಹೋದೆ:

+36 -5 =22 =7 -15 +29 =18, ಒಟ್ಟು 3½

ಇದು ಸರಿಯಾಗಿ ಕೂಡಿ ಬರುತ್ತದೆ. ಇವರ ಪ್ರಕಾರ ನಾಲ್ಕನೇ ಸುತ್ತು 7ನೇ ನಂಬರಿನ ಜೊತೆ ಡ್ರಾ. ಅಲ್ಲಿಗೆ 7ನೇ ಸಾಲಿನ +12 ನಿಜವಾಗಿ =12 ಆಗಬೇಕು. ಆಗ ಅವರ ಒಟ್ಟೂ 3½ಕ್ಕೆ ಸರಿಹೋಗುತ್ತದೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋದೆ. ಸ್ವಿಸ್ ಪದ್ಧತಿಯಲ್ಲಿ ಸಾಧ್ಯವಾದಷ್ಟೂ ಒಂದೇ ಅಂಕ ಇರುವವರನ್ನು ಜೋಡಿ ಮಾಡುತ್ತಾರೆ. ಐದನೇ ಸುತ್ತಿನ ಎದುರಾಳಿ 20ನೇ ನಂಬರಿನವರು. ಆ ಹೊತ್ತಿಗೆ ಅವರ ಅಂಕ 2. ನಾಲ್ಕನೇ ಸುತ್ತು ಡ್ರಾ ಆಗಿದ್ದರೆ 7ನೇ ನಂಬರಿನವರದೂ 2. ಇದೊಂದೇ ಪುರಾವೆಯಾಗಿ ಸಾಲದು, ಯಾಕಂದರೆ ಅಂಕದಲ್ಲಿ ಹೆಚ್ಚುಕಡಿಮೆ ಇರುವವರೂ ಜೋಡಿಯಾಗುತ್ತಾರೆ. ಆದರೆ ಬೇರೆ ಎರಡು ಸಾಕ್ಷಿಗಳ ಪಕ್ಕ ನಿಲ್ಲಿಸಿದಾಗ ಧೈರ್ಯ ಬರುತ್ತದೆ.

ತಪ್ಪು ಹೇಗಾಯಿತು ಅಂತಲೂ ಹೇಳಬಹುದು. ಸಾಮಾನ್ಯ ಕೀಬೋರ್ಡಿನಲ್ಲಿ + ಮತ್ತು = ಒಂದೇ ಕೀಲಿಯಲ್ಲಿವೆ. ಶಿಫ್ಟ್ ಹಿಡಿದರೆ +, ಬಿಟ್ಟರೆ =. ಸಾಲಿಗೆ ಸಾಲು ಟೈಪ್ ಮಾಡುವಾಗ ಬೆರಳು ಒಂದು ಕ್ಷಣ ಜಾಸ್ತಿ ನಿಂತರೂ ಡ್ರಾ ಹೋಗಿ ಗೆಲುವಾಗುತ್ತದೆ. ಇದೇ ಬಗೆಯ ತಪ್ಪು ಆಮೇಲೂ ಪದೇಪದೇ ಸಿಕ್ಕಿತು.

ಒಟ್ಟು ಅಂಕ ಸರಿ ಇದೆ ಅಂತ ಸಾಲನ್ನು ಹಾಗೇ ನಂಬಬಾರದು. ಒಂದು ಸಾಲಿನಲ್ಲಿ ಗೆಲುವು ಡ್ರಾ ಆಗಿ, ಅದೇ ಸಾಲಿನಲ್ಲಿ ಇನ್ನೊಂದು ಡ್ರಾ ಗೆಲುವಾಗಿ ಬರೆದಿತ್ತು. ಕೂಡಿದರೆ ಲೆಕ್ಕ ಕೂಡಿ ಬರುತ್ತದೆ. ಇಬ್ಬರು ಎದುರಾಳಿಗಳ ಸಾಲು ನೋಡಿದ ಮೇಲಷ್ಟೇ ಹುಳುಕು ಹೊರಗೆ ಬಂತು.

ಈ ತಾಳೆ ನೋಡುವ ಕೆಲಸಕ್ಕೆ ಪೈಥಾನ್‌ನಲ್ಲಿ ಒಂದು ಸಣ್ಣ ಪ್ರೋಗ್ರಾಂ ಬರೆದೆ. ಅದು ಯಾವುದನ್ನೂ ತಿದ್ದುವುದಿಲ್ಲ. ಎಲ್ಲೆಲ್ಲಿ ಎರಡು ಸಾಲುಗಳ ಮಾತು ಒಂದಾಗಿಲ್ಲ ಅಂತ ಹೇಳುತ್ತದೆ, ಅಷ್ಟೇ. ಅದರ ಮೇಲೆ ನನಗೆ ನಂಬಿಕೆ ಬರಬೇಕಿತ್ತು. ಅದಕ್ಕೆ ಎಲ್ಲರಿಗೂ ಗೊತ್ತಿರುವ ಒಂದು ಪಟ್ಟಿ ಆರಿಸಿಕೊಂಡೆ: 1953ರ ಜ್ಯೂರಿಕ್ ಕ್ಯಾಂಡಿಡೇಟ್ಸ್, ಅಂದರೆ ವಿಶ್ವ ಚಾಂಪಿಯನ್‌ಗೆ ಸವಾಲು ಹಾಕುವವರನ್ನು ಆರಿಸುವ ಟೂರ್ನಿ. 15 ಆಟಗಾರರು, ಪ್ರತಿಯೊಬ್ಬರೂ ಪ್ರತಿಯೊಬ್ಬರ ಜೊತೆ ಎರಡು ಸಲ. ಒಟ್ಟು 210 ಆಟ, ಹಾಗಾಗಿ ಎಲ್ಲರ ಅಂಕ ಕೂಡಿದರೂ 210 ಬರಬೇಕು. ಸ್ಮಿಸ್ಲೊವ್ 28 ಆಟದಲ್ಲಿ 18 ಅಂಕ. ಬ್ರಾನ್‌ಸ್ಟೈನ್, ಕೆರೆಸ್, ರೆಶೆವ್‌ಸ್ಕಿ ತಲಾ 16. ಇಡೀ ಪಟ್ಟಿಯನ್ನು ನಾನೇ ಟೈಪ್ ಮಾಡಿ, ಬೇಕಂತಲೇ ಐದು ಕಡೆ ತಪ್ಪು ಹಾಕಿ ಓಡಿಸಿದೆ. ಐದನ್ನೂ ಹಿಡಿಯಿತು. ಆರನೆಯದೂ ಒಂದು ಬಂತು. ಅದು ನಾನು ಟೈಪ್ ಮಾಡುವಾಗ ನಿಜವಾಗಿಯೂ ಮಾಡಿದ್ದ ತಪ್ಪು. ಆ ದಿನ ತುಂಬಾ ಖುಷಿಯಾಯಿತು.

ಆದರೆ ಮುಂದೆ ಒಂದು ಫೈಲ್ ಬಂತು. 38 ಆಟಗಾರರು, ಏಳು ಸುತ್ತು, 266 ಮನೆ. ಅದರಲ್ಲಿ 250ಕ್ಕಿಂತ ಜಾಸ್ತಿ ಮನೆ ತಪ್ಪು ಅಂತ ಪ್ರೋಗ್ರಾಂ ಹೇಳಿತು. ಪ್ರತಿ ಸಾಲಿನ ಒಟ್ಟು ಮಾತ್ರ ಸರಿಯಾಗಿತ್ತು. ಟೈಪ್ ಮಾಡುವವರು ಎಷ್ಟೇ ಆತುರದಲ್ಲಿದ್ದರೂ ಹೀಗೆ ತಪ್ಪುವುದಿಲ್ಲ. ನಾನು ಓದುತ್ತಿರುವ ರೀತಿಯೇ ತಪ್ಪಿರಬೇಕು ಅನ್ನಿಸಿತು. ವಿಷಯ ಏನಂದರೆ, ಎದುರಾಳಿಯ ನಂಬರಿಗೆ ಎರಡು ಅರ್ಥ ಇರಬಹುದು. ಟೂರ್ನಿ ಶುರುವಾದಾಗ ಕೊಟ್ಟ ನಂಬರು ಒಂದು, ಮುಗಿದ ಮೇಲೆ ಬಂದ ಸ್ಥಾನ ಇನ್ನೊಂದು. ಯಾರೋ ಪಟ್ಟಿಯನ್ನು ಅಂಕದ ಪ್ರಕಾರ ಮೇಲಿನಿಂದ ಕೆಳಗೆ ಜೋಡಿಸಿದ್ದರು. ಸಾಲುಗಳು ಜಾಗ ಬದಲಾಯಿಸಿದವು, ಎಡಗಡೆ ಹೊಸ ಕ್ರಮಸಂಖ್ಯೆ ಬಂತು. ಆದರೆ ಮನೆಗಳೊಳಗಿನ ನಂಬರುಗಳು ಹಳೆಯವೇ ಉಳಿದವು. ಅದೃಷ್ಟಕ್ಕೆ ಮೊದಲ ಸುತ್ತಿನ ಜೋಡಿಗಳ ಪಟ್ಟಿ ಅದೇ ಫೋಲ್ಡರಿನಲ್ಲಿತ್ತು. ಅದರಿಂದ ಹಳೆಯ ನಂಬರುಗಳನ್ನು ಹೆಸರುಗಳಿಗೆ ಅಂಟಿಸಿ ಮತ್ತೆ ಓಡಿಸಿದೆ. 250 ಚಿಲ್ಲರೆ ತಪ್ಪು 3ಕ್ಕೆ ಇಳಿಯಿತು. ಈಗ ಪ್ರತಿ ಫೈಲಿಗೂ ಎರಡೂ ರೀತಿಯಲ್ಲಿ ಓದಿ, ಯಾವುದರಲ್ಲಿ ಜಾಸ್ತಿ ತಾಳೆಯಾಗುತ್ತದೋ ಅದನ್ನು ಇಟ್ಟುಕೊಳ್ಳುತ್ತೇನೆ.

ಸುತ್ತಿನ ಮೊತ್ತವೂ ಒಳ್ಳೆಯ ಪರೀಕ್ಷೆ. 38 ಜನ ಇದ್ದರೆ 19 ಆಟ, ಸುತ್ತಿಗೆ 19 ಅಂಕ. ಒಬ್ಬರು ಬಿಟ್ಟುಹೋಗಿ 37 ಆದರೆ 18 ಆಟ, ಜೊತೆಗೆ ಜೋಡಿ ಸಿಗದೆ ಉಳಿದು ಬೈ ಪಡೆದವರ 1 ಅಂಕ, ಮತ್ತೆ 19. ಆದರೆ ಕೇಳಿ ಪಡೆದ ಅರ್ಧ ಅಂಕದ ಬೈ ಇರಬಹುದು. ಇಬ್ಬರೂ ಬರದೆ ಇಬ್ಬರಿಗೂ ಸೊನ್ನೆ ಕೊಟ್ಟಿರಬಹುದು. ಒಂದು ಕಡೆ 0 ಮತ್ತು 0 ನೋಡಿ, ಇದು ತಪ್ಪು ಅಂತ ತಿದ್ದಲು ಹೊರಟಿದ್ದೆ. ಇಬ್ಬರೂ ಮುಂದಿನ ಸುತ್ತುಗಳಲ್ಲಿ ಇಲ್ಲವೇ ಇಲ್ಲ ಅನ್ನೋದು ಆಮೇಲೆ ಕಣ್ಣಿಗೆ ಬಿತ್ತು. ಕೈ ಹಿಂದಕ್ಕೆ ತೆಗೆದೆ.

ಸಾಲನ್ನು ತುಂಡು ಮಾಡುವ ಬಗ್ಗೆ ಒಂದು ಮಾತು. ಸಾಲನ್ನು ಬಲದಿಂದ ಎಡಕ್ಕೆ ಓದಿ. ಎಡಗಡೆ ಹೆಸರು ಇರುತ್ತದೆ, ಅದು ಎರಡು ಪದವೂ ಆಗಬಹುದು, ಐದೂ ಆಗಬಹುದು. ಬಲಗಡೆ ಒಟ್ಟು ಅಂಕ, ಅದರ ಹಿಂದೆ ಸುತ್ತುಗಳು, ಅಲ್ಲಿ ಎಣಿಕೆ ತಪ್ಪುವುದಿಲ್ಲ. ಏಳು ಸುತ್ತು ಅಂತ ಗೊತ್ತಿದ್ದರೆ ಬಲದಿಂದ ಎಂಟು ತುಂಡು ತೆಗೆದು, ಉಳಿದಿದ್ದನ್ನು ಹೆಸರು ಅನ್ನಿ. ಫಿಡೆಯ ವರದಿ ಫೈಲಿಗೆ ಮಾತ್ರ ಈ ಉಪಾಯ ಬೇಡ. ಅಲ್ಲಿ ಜಾಗಗಳು ನಿಗದಿ: ಹೆಸರು 15ರಿಂದ 47ನೇ ಕಾಲಂವರೆಗೆ, ಮೊದಲ ಸುತ್ತಿನ ಎದುರಾಳಿ 92ರಿಂದ 95, ಕಾಯಿಯ ಬಣ್ಣ 97, ಫಲಿತಾಂಶ 99. ಮುಂದಿನ ಪ್ರತಿ ಸುತ್ತೂ ಹತ್ತು ಕಾಲಂ ಆಚೆಗೆ. ಎಣಿಸುವಾಗ ಬೈಟ್ ಎಣಿಸಬೇಡಿ, ಅಕ್ಷರ ಎಣಿಸಿ. ಹೆಸರಿನಲ್ಲಿ ಚುಕ್ಕಿ ಹೊತ್ತ ಒಂದು ಯುರೋಪಿಯನ್ ಅಕ್ಷರ ಯುಟಿಎಫ್-8ರಲ್ಲಿ ಎರಡು ಬೈಟ್ ಆಗಿ ಕೂತರೆ ಬಲಗಡೆಯ ಎಲ್ಲ ಮನೆಗಳೂ ಒಂದೊಂದು ಹೆಜ್ಜೆ ಸರಿದುಬಿಡುತ್ತವೆ.

ಹೆಸರುಗಳೇ ನನಗೆ ಅತಿ ಕಷ್ಟವಾದ ಭಾಗ, ಯಾಕಂದರೆ ಅಲ್ಲಿ ಎರಡನೇ ಸಾಕ್ಷಿ ಇಲ್ಲ. ಆನಂದ್ ಅವರ ಹೆಸರನ್ನೇ ನೋಡಿ. ವಿಶ್ವನಾಥನ್ ಅವರ ತಂದೆಯ ಹೆಸರು. ಆದರೆ ಒಂದು ಫೈಲ್ 'ಆನಂದ್ ವಿ' ಅನ್ನುತ್ತದೆ, ಇನ್ನೊಂದು 'ವಿ. ಆನಂದ್', ಮತ್ತೊಂದು ಅದನ್ನೇ ತಿರುಗಿಸಿ 'ವಿಶ್ವನಾಥನ್ ಎ' ಅನ್ನುತ್ತದೆ. ಇನಿಷಿಯಲ್ ಅಂದರೆ ಏನು ಅಂತ ನಮಗೆ ಹೇಳಿಕೊಡಬೇಕಿಲ್ಲ, ಪ್ರೋಗ್ರಾಂಗೆ ಹೇಳಿಕೊಡಬೇಕು. ಹಂಗೇರಿಯ ಚೆಸ್ ಆಟಗಾರ್ತಿಯರಾದ ಪೋಲ್ಗಾರ್ ಅಕ್ಕತಂಗಿಯರದು ಬೇರೆಯೇ ಕತೆ. ಸೂಸನ್ ಅವರ ಹಂಗೇರಿಯನ್ ಹೆಸರು ಜುಜಾ, ಅವರ ತಂಗಿ ಝೋಫಿಯಾ. ಹಂಗೇರಿಯನ್ ಬರಹದಲ್ಲಿ ಎರಡೂ 'ಜೆಡ್, ಎಸ್' ಅಂತಲೇ ಶುರು. ಬರೀ ಆ ಎರಡು ಅಕ್ಷರ ಇದ್ದರೆ ಅಕ್ಕನೋ ತಂಗಿಯೋ ಹೇಳಲಾಗದು. ಫಿಡೆ ಐಡಿ ಇದ್ದ ಕಡೆ ಅದನ್ನೇ ಗಟ್ಟಿಯಾಗಿ ಹಿಡಿದೆ. ಇಲ್ಲದ ಕಡೆ ಕಾಗುಣಿತ ಹತ್ತಿರ ಇದೆ ಅಂತ ಇಬ್ಬರನ್ನು ಒಬ್ಬರು ಮಾಡಲಿಲ್ಲ. ಒಂದೇ ಟೂರ್ನಿಯ ಒಂದೇ ಸುತ್ತಿನಲ್ಲಿ ಎರಡು ಹೆಸರೂ ಆಡಿದ್ದರೆ ಅವರು ಖಂಡಿತ ಇಬ್ಬರು. ಈ ಒಂದು ಪರೀಕ್ಷೆ ಎಷ್ಟೋ ಎಡವಟ್ಟುಗಳನ್ನು ತಪ್ಪಿಸಿತು.

ತಾರೀಖಿನಲ್ಲಿ ಜಾಸ್ತಿ ತಲೆ ಕೆಡಿಸಿಕೊಳ್ಳಲಿಲ್ಲ. ಚೆಸ್ ಆಟಗಳನ್ನು ನಡೆಗಳ ಸಮೇತ ಬರೆದಿಡುವ ಪಿಜಿಎನ್ ರೂಪದಲ್ಲಿ ವರ್ಷ, ತಿಂಗಳು, ದಿನ ಅನ್ನೋ ಕ್ರಮ. ಗೊತ್ತಿಲ್ಲದ ಜಾಗಕ್ಕೆ ಪ್ರಶ್ನೆ ಚಿಹ್ನೆ. 1987.??.?? ಅಂತ ಬರೆದರೆ ನಿಜ ಹೇಳಿದಂತೆ. ಜನವರಿ 1 ಅಂತ ತುಂಬಿದರೆ ಸುಳ್ಳು ಹೇಳಿದಂತೆ.

ತಿದ್ದಿದ ಪ್ರತಿಯೊಂದನ್ನೂ ಬೇರೆ ಫೈಲಿನಲ್ಲಿ ಬರೆದಿಟ್ಟೆ: ಯಾವ ಫೈಲ್, ಯಾರ ಸಾಲು, ಯಾವ ಸುತ್ತು, ಮೊದಲು ಏನಿತ್ತು, ಈಗ ಏನಿದೆ, ಯಾಕೆ. ಆ 'ಯಾಕೆ' ಬರೆಯುವುದು ಬೇಸರದ ಕೆಲಸ. ಆದರೆ ಬರೆಯಲು ಕೂತಾಗ ಕಾರಣ ಸಿಗದೆ ಹೋದರೆ, ನಾನು ಊಹೆ ಮಾಡಿದ್ದೇನೆ ಅಂತ ಆಗಲೇ ಗೊತ್ತಾಗುತ್ತಿತ್ತು. ಹಾಗೆ ಎಷ್ಟೋ ತಿದ್ದುಪಡಿಗಳನ್ನು ವಾಪಸ್ ತೆಗೆದಿದ್ದೇನೆ.

ಒಂದು ಆಟ ಮಾತ್ರ ಬಗೆಹರಿಯಲಿಲ್ಲ. ಆರನೇ ಸುತ್ತು. ಒಬ್ಬರ ಸಾಲಿನಲ್ಲಿ +30, 30ನೇ ನಂಬರಿನವರ ಸಾಲಿನಲ್ಲಿ +23. ಇಬ್ಬರೂ ಗೆದ್ದಿದ್ದಾರೆ, ಇಬ್ಬರ ಒಟ್ಟೂ ಅದಕ್ಕೆ ಸರಿಯಾಗಿದೆ. ಸುತ್ತಿನ ಮೊತ್ತ ಒಂದು ಅಂಕ ಜಾಸ್ತಿ ಬರುತ್ತದೆ. ಏಳನೇ ಸುತ್ತಿನ ಜೋಡಿಗಳನ್ನು ನೋಡಿದರೆ ಎರಡೂ ಸಾಧ್ಯ. ಆಟದ ನಡೆಗಳು ಸಿಗಬಹುದೇ ಅಂತ ಹುಡುಕಿದೆ. ಪಿಜಿಎನ್ ಫೈಲ್ ಸಿಕ್ಕಿತು. ಪಿಜಿಎನ್‌ನಲ್ಲೂ ಫಲಿತಾಂಶ ಎರಡು ಕಡೆ ಇರುತ್ತದೆ, ಮೇಲಿನ ತಲೆಬರಹದಲ್ಲಿ ಒಮ್ಮೆ, ನಡೆಗಳ ಕೊನೆಯಲ್ಲಿ ಒಮ್ಮೆ. ಇಲ್ಲಿ ತಲೆಬರಹ 1-0 ಅನ್ನುತ್ತಿತ್ತು, ಕೊನೆ 0-1 ಅನ್ನುತ್ತಿತ್ತು. ನಡೆಗಳನ್ನು ಹಲಗೆಯ ಮೇಲೆ ಇಟ್ಟು ಆಡಿ ನೋಡಿದೆ. 41ನೇ ನಡೆಗೆ ನಿಂತಿದೆ, ಒಂದೊಂದು ಆನೆ, ನಾಲ್ಕು ನಾಲ್ಕು ಪದಾತಿ, ಯಾರಿಗೂ ಮೇಲುಗೈ ಇಲ್ಲ. ಯಾರೋ ಸಮಯ ಮೀರಿ ಸೋತಿರಬಹುದು. ಫಲಿತಾಂಶ ಗೊತ್ತಿಲ್ಲದ ಆಟಕ್ಕೆ ಪಿಜಿಎನ್ ಒಂದು ಚಿಹ್ನೆ ಕೊಟ್ಟಿದೆ, ನಕ್ಷತ್ರ. ಆ ಮನೆಯಲ್ಲಿ * ಹಾಕಿ, ಪಕ್ಕದಲ್ಲಿ ಎರಡು ಸಾಲುಗಳ ಮಾತನ್ನೂ ಇದ್ದ ಹಾಗೇ ಬರೆದಿಟ್ಟಿದ್ದೇನೆ. ಆ ಸುತ್ತಿನ ಸ್ಕೋರ್‌ಶೀಟ್ ಯಾರ ಹತ್ತಿರವಾದರೂ ಸಿಕ್ಕಿದ ದಿನ ತೆಗೆಯುತ್ತೇನೆ.