ಮನೆಮಾತಿನಲ್ಲಿ ಲೂಥರನ ಚಿಕ್ಕ ಪ್ರಶ್ನೋತ್ತರ: ಹೊಸೂರಿನಿಂದ ನನ್ನ ಅನುಭವ

2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಬಂದು ನಮ್ಮ ಲೂಥರನ್ ಕ್ರೈಸ್ತ ದೇವಾಲಯದ ಬಾಗಿಲು ಮುಚ್ಚಿದ ಮೊದಲ ಭಾನುವಾರ ಹೊಸೂರಿನ ನಮ್ಮ ಮನೆಯ ನಡುಮನೆಯಲ್ಲಿ ಚಾಪೆ ಹಾಸಿ ಆರಾಧನೆಗೆ ಕುಳಿತೆವು. ಆ ವರ್ಷ ದೃಢೀಕರಣಕ್ಕೆ, ಅಂದರೆ ತನ್ನ ವಿಶ್ವಾಸವನ್ನು ಸಭೆಯ ಮುಂದೆ ತಾನೇ ಒಪ್ಪಿ ಹೇಳುವ ವಿಧಿಗೆ, ಸಿದ್ಧಳಾಗುತ್ತಿದ್ದ ನನ್ನ ಮಗಳು ಬೈಬಲಿನ ಹತ್ತು ಆಜ್ಞೆಗಳಲ್ಲಿ ಮೊದಲನೆಯದನ್ನೂ ಅದರ ವಿವರಣೆಯನ್ನೂ ತಮಿಳಿನಲ್ಲಿ ಒಂದಕ್ಷರ ತಪ್ಪದೆ ಒಪ್ಪಿಸಿದಳು. ಗೋಡೆಗೆ ಒರಗಿ ಕುಳಿತಿದ್ದ ನನ್ನ ತಾಯಿ, "ಚೆನ್ನಾಗಿ ಹೇಳ್ದೆ ಮಗಾ, ಅದರ ಅರ್ಥ ಏನು?" ಎಂದು ಕೇಳಿದರು. ಮಗಳು ನನ್ನ ಮುಖ ನೋಡಿದಳು. ನಾನೂ ಆ ಗಳಿಗೆಯಲ್ಲಿ ಉತ್ತರ ಕೊಡಲಾರದೆ ಹೋದೆ. ಹದಿನಾರನೆಯ ಶತಮಾನದ ಜರ್ಮನ್ ಧರ್ಮಸುಧಾರಕ ಮಾರ್ಟಿನ್ ಲೂಥರ್ ಕ್ರೈಸ್ತ ಬೋಧನೆಯನ್ನು ಪ್ರಶ್ನೆ ಉತ್ತರಗಳಾಗಿ ಬರೆದ ಕಿರುಪುಸ್ತಕವಾದ ಚಿಕ್ಕ ಪ್ರಶ್ನೋತ್ತರವನ್ನು ಓದಿದವರಿಗೆ ಗೊತ್ತು, ಆ ಪುಸ್ತಕದ ಬೆನ್ನೆಲುಬೇ ಆ ಪ್ರಶ್ನೆ. ಪ್ರತಿಯೊಂದು ಆಜ್ಞೆಯ ನಂತರವೂ, ಆರಾಧನೆಯಲ್ಲಿ ಎಲ್ಲರೂ ಹೇಳುವ ವಿಶ್ವಾಸಪ್ರಮಾಣದ ಪ್ರತಿಯೊಂದು ಭಾಗದ ನಂತರವೂ ಇದರ ಅರ್ಥವೇನು ಎಂದು ಅದು ಕೇಳುತ್ತದೆ. ಅದೇ ಪ್ರಶ್ನೆಯನ್ನು ನಮ್ಮ ಮನೆಯಲ್ಲಿ, ನಮ್ಮ ಮಾತಿನಲ್ಲಿ, ಓದುಬರಹ ಬಾರದ ಒಬ್ಬ ಮುದುಕಿ ಕೇಳಿದಾಗ ನಮ್ಮ ಬಳಿ ಕನ್ನಡದ ಉತ್ತರವಿರಲಿಲ್ಲ.

ಇದು ಹೇಗಾಯಿತೆಂದು ಸ್ವಲ್ಪ ಹೇಳಬೇಕು. ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ಹೊಸೂರು, ಡೆಂಕಣಿಕೋಟೆ, ತಳಿ ಸೀಮೆಯಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಮನೆಮಾತುಗಳು. ಈ ಭಾಗಕ್ಕೆ ಲೂಥರನ್ ಬೋಧನೆಯನ್ನು ತಂದ, ಅಮೆರಿಕದ ಲೂಥರನ್ ಸಭೆಗಳ ಒಕ್ಕೂಟವಾದ ಮಿಸ್ಸೌರಿ ಸಿನೊಡಿನ ಮಿಷನರಿಗಳಲ್ಲಿ ಥಿಯೊಡೊರ್ ನೇತರ್ 1895ರಲ್ಲಿ ಕೃಷ್ಣಗಿರಿಯಲ್ಲಿ ಕೆಲಸ ಆರಂಭಿಸಿದರು. ಅವರೂ ಅವರ ಜೊತೆಗಾರರೂ ತಮಿಳು ಕಲಿತು ಬಂದವರಾದ್ದರಿಂದ ಸಭೆಗಳ ಆರಾಧನೆ ಸಹಜವಾಗಿಯೇ ತಮಿಳಿನಲ್ಲಿ ನೆಲೆಯಾಯಿತು. ತರಂಗಂಬಾಡಿಯಲ್ಲಿ 1706ರಲ್ಲಿ ಬಂದಿಳಿದ ಜರ್ಮನ್ ಮಿಷನರಿ ಸೀಗನ್‌ಬಾಲ್ಗನ ಕಾಲದಿಂದಲೂ ತಮಿಳಿನಲ್ಲಿ ಲೂಥರನ್ ಪುಸ್ತಕಗಳ ದೊಡ್ಡ ಪರಂಪರೆಯಿದೆ, ಮತ್ತು ಆ ಪರಂಪರೆಯ ಅನ್ನವನ್ನು ಉಂಡೇ ನಾನು ಬೆಳೆದವನು. ಆದ್ದರಿಂದ ಮುಂದೆ ನಾನು ಬರೆಯುವುದರಲ್ಲಿ ತಮಿಳಿನ ಮೇಲೆ ದೂರು ಇದೆಯೆಂದು ಯಾರೂ ತಿಳಿಯಬಾರದು. ದೇವಾಲಯದ ಮಾತು ತಮಿಳು, ಮನೆಯ ಮಾತು ಕನ್ನಡ ಎಂಬ ಎರಡು ಬಾಳು ನಮ್ಮಂಥ ಕೆಲವು ಕುಟುಂಬಗಳದ್ದು, ಅಷ್ಟೆ.

ಲೂಥರ್ 1528ರ ಸುಮಾರಿಗೆ ಸಾಕ್ಸನಿಯ ಹಳ್ಳಿಯ ಸಭೆಗಳನ್ನು ಸಂದರ್ಶಿಸಿ, ಜನರಿಗೆ ಯೇಸು ಕಲಿಸಿದ ಕರ್ತನ ಪ್ರಾರ್ಥನೆ ಕೂಡ ಬಾರದಿರುವುದನ್ನು ಕಂಡು ನೊಂದು, 1529ರಲ್ಲಿ ಈ ಪ್ರಶ್ನೋತ್ತರವನ್ನು ಪ್ರಕಟಿಸಿದರು. ಅದರ ಪ್ರತಿಯೊಂದು ಭಾಗದ ತಲೆಯಲ್ಲಿ, ಮನೆಯ ಯಜಮಾನನು ತನ್ನ ಮನೆಯವರಿಗೆ ಇದನ್ನು ಸರಳವಾಗಿ ಕಲಿಸಬೇಕಾದ ರೀತಿ ಎಂಬ ಅರ್ಥದ ಮಾತಿದೆ. ನಲವತ್ತು ವರ್ಷ ಆ ಸಾಲನ್ನು ನೋಡಿಯೂ ನಾನು ಅದನ್ನು ಓದಿರಲಿಲ್ಲ. ಕಲಿಸುವುದು ಸಭಾಪಾಲಕರ ಕೆಲಸ, ಭಾನುವಾರದ ಶಾಲೆಯ ಕೆಲಸ ಎಂದು ನಂಬಿದ್ದೆ. ದೇವಾಲಯ ಮುಚ್ಚಿದಾಗ ಆ ಸಾಲು ನನ್ನ ಹೆಸರು ಹಿಡಿದು ಕರೆದಂತಾಯಿತು.

ನಾನು ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಲೇತ್ ಯಂತ್ರದ ಕೆಲಸಗಾರ, ದೇವಶಾಸ್ತ್ರ ಓದಿದವನಲ್ಲ. ತಮಿಳಿನ ಪುಸ್ತಕ, ಒಂದು ಇಂಗ್ಲಿಷ್ ಪ್ರತಿ ಮತ್ತು ಕನ್ನಡ ಬೈಬಲ್ ಇವಿಷ್ಟನ್ನು ಎದುರಿಗಿಟ್ಟುಕೊಂಡು ರಾತ್ರಿ ಊಟವಾದ ಮೇಲೆ ದಿನಕ್ಕೊಂದು ಆಜ್ಞೆಯಂತೆ ಕನ್ನಡಕ್ಕೆ ತರತೊಡಗಿದೆ. ಸಂದೇಹ ಬಂದಲ್ಲಿ ಸಭಾಪಾಲಕರಿಗೆ ಫೋನ್ ಮಾಡುತ್ತಿದ್ದೆ. ಮೊದಲ ಆಜ್ಞೆಯ ವಿವರಣೆಯಲ್ಲಿ ದೇವರಿಗೆ ಎಲ್ಲಕ್ಕಿಂತ ಹೆಚ್ಚಾಗಿ ಭಯಪಡುವುದು, ಆತನನ್ನು ಪ್ರೀತಿಸುವುದು, ಆತನಲ್ಲಿ ಭರವಸೆಯಿಡುವುದು ಎಂಬ ಮೂರು ಕ್ರಿಯೆಗಳಿವೆ. ಕನ್ನಡದಲ್ಲಿ "ಭಯಭಕ್ತಿ" ಎಂಬ ಸೊಗಸಾದ ಜೋಡಿಪದ ಸಿದ್ಧವಾಗಿಯೇ ಇತ್ತು, ಅದನ್ನೇ ಹಾಕಿದೆ. ಒಂದು ವಾರದ ನಂತರ ಓದಿದಾಗ ಮೂರನೆಯದೂ ಮುಖ್ಯವಾದದ್ದೂ ಆದ ಭರವಸೆ ಕಳೆದುಹೋಗಿರುವುದು ಕಂಡಿತು. ಇನ್ನೊಂದು ವಾರ "ನಂಬಿಕೆ" ಎಂದು ಬರೆದೆ, ಮತ್ತೊಂದು ವಾರ "ವಿಶ್ವಾಸ" ಎಂದೆ. ಮಕ್ಕಳು ಮೂರು ವಾರ ಮೂರು ಪಾಠ ಕಲಿತು, ನಾಲ್ಕನೆಯ ವಾರ ಏನನ್ನೂ ಹೇಳಲಾರದೆ ತಡವರಿಸಿದರು.

ಇದು ನಾನು ಮಾಡಿದ ದೊಡ್ಡ ತಪ್ಪು, ಮತ್ತು ಪುಸ್ತಕದ ಮುನ್ನುಡಿಯನ್ನು ಮೊದಲೇ ಓದಿದ್ದರೆ ತಪ್ಪುತ್ತಿತ್ತು. ಒಂದು ಪಾಠವನ್ನು ಆರಿಸಿಕೊಂಡ ಮೇಲೆ ಒಂದಕ್ಷರವನ್ನೂ ಬದಲಿಸದೆ ವರ್ಷದಿಂದ ವರ್ಷಕ್ಕೆ ಅದನ್ನೇ ಕಲಿಸಬೇಕು, ಈ ವರ್ಷ ಒಂದು ರೀತಿ ಮುಂದಿನ ವರ್ಷ ಇನ್ನೊಂದು ರೀತಿ ಹೇಳಿದರೆ ಎಳೆಯರು ಗೊಂದಲಕ್ಕೆ ಬೀಳುತ್ತಾರೆ, ಮಾತುಗಳು ಬಾಯಿಗೆ ಬಂದ ಮೇಲೆಯೇ ಅರ್ಥವನ್ನು ಬಿಡಿಸಬೇಕು ಎಂದು ಲೂಥರ್ ಅಲ್ಲಿ ಬೋಧಕರಿಗೆ ಒತ್ತಿ ಹೇಳುತ್ತಾರೆ. ಅಂದಿನಿಂದ ನಾನು ಕರಡನ್ನು ಮಕ್ಕಳಿಗೆ ತೋರಿಸುವುದನ್ನು ನಿಲ್ಲಿಸಿದೆ. ಮೊದಲು ತಾಯಿಯ ಮುಂದೆ ಓದುವುದು, ಅವರು ತಿರುಗಿ ಹೇಳಲಾಗದ ವಾಕ್ಯವನ್ನು ಮುರಿದು ಕಟ್ಟುವುದು, ಸಭಾಪಾಲಕರಿಗೆ ತೋರಿಸುವುದು, ಆಮೇಲೆ ಅದನ್ನು ಮುಟ್ಟದಿರುವುದು. 1530ರಲ್ಲಿ ಭಾಷಾಂತರದ ಬಗ್ಗೆ ಬರೆದ ಪತ್ರದಲ್ಲಿ ಲೂಥರ್ ಮನೆಯಲ್ಲಿರುವ ತಾಯಿಯನ್ನೂ ಬೀದಿಯ ಮಕ್ಕಳನ್ನೂ ಪೇಟೆಯ ಸಾಮಾನ್ಯನನ್ನೂ ಕೇಳಿ ಅವರ ಬಾಯನ್ನು ಗಮನಿಸಬೇಕೆಂದು ಹೇಳಿದ್ದನ್ನು ನಾನು ಓದಿದ್ದು ತಡವಾಗಿ; ಆದರೆ ನನ್ನ ತಾಯಿಯಂತೂ ಮನೆಯಲ್ಲಿಯೇ ಇದ್ದರು. ಎಂಟನೆಯ ಆಜ್ಞೆಯ ವಿವರಣೆಯಲ್ಲಿ ನೆರೆಯವನ ನಡೆಯನ್ನೆಲ್ಲ ಒಳ್ಳೆಯ ಅರ್ಥದಲ್ಲಿ ತೆಗೆದುಕೊಳ್ಳಬೇಕು ಎಂಬುದಕ್ಕೆ ನಾನು ಎರಡು ಸಾಲಿನ ವಾಕ್ಯ ಕಟ್ಟಿದ್ದೆ. ಅವರು ಕೇಳಿ, "ಒಳ್ಳೇದಕ್ಕೇ ಹಚ್ಚಿ ಮಾತಾಡು ಅಂತ ತಾನೆ?" ಎಂದರು. ಅದನ್ನೇ ಬರೆದೆ. ವಾಟ್ಸ್ಯಾಪಿನಲ್ಲಿ ನೆರೆಯವರ ಬಗ್ಗೆ ಏನಾದರೂ ಬಂದಾಗ ನನ್ನ ಮಗಳು ಇಂದಿಗೂ ಆ ಮಾತನ್ನು ನೆನಪಿಸುತ್ತಾಳೆ.

ಆಜ್ಞೆಗಳ ಲೆಕ್ಕದ ತೊಡಕನ್ನು ಬೇಗ ಹೇಳಿ ಮುಗಿಸುತ್ತೇನೆ. ವಿಗ್ರಹದ ಮಾತನ್ನು ಮೊದಲನೆಯ ಆಜ್ಞೆಯಲ್ಲೇ ಸೇರಿಸಿ, ಪರರದನ್ನು ಆಶಿಸಬಾರದೆಂಬುದನ್ನು ಒಂಬತ್ತು ಹತ್ತು ಎಂದು ಎರಡಾಗಿಸುವುದು ಲೂಥರನ್ ಎಣಿಕೆ. ಬೆಂಗಳೂರಿನ ನಮ್ಮ ನೆಂಟರ ಸಭೆಯಲ್ಲಿ ಎಣಿಕೆ ಬೇರೆ. ಸಬ್ಬತ್ ದಿನದ ಆಜ್ಞೆ ನಮಗೆ ಮೂರನೆಯದು, ಅವರಿಗೆ ನಾಲ್ಕನೆಯದು. ಮಕ್ಕಳಿಗೆ ಇದನ್ನು ಒಮ್ಮೆ ಬಿಡಿಸಿ ಹೇಳಿದರೆ ಸಾಕು.

ಹೆಚ್ಚು ದಿನ ನಿಂತದ್ದು ಬೇರೆ ಕಡೆ. ತಮಿಳು ಬೈಬಲಿನಲ್ಲಿ ರೋಮಾಪುರದವರಿಗೆ ಬರೆದ ಪತ್ರದ ಐದನೆಯ ಅಧ್ಯಾಯವು ನಂಬಿಕೆಯಿಂದ "ನೀತಿಮಾನ್‌ಗಳಾಕ್ಕಪ್ಪಟ್ಟು" ಎನ್ನುತ್ತದೆ, ಅಂದರೆ ನೀತಿವಂತರಾಗಿ ಮಾಡಲ್ಪಟ್ಟು. ಕನ್ನಡ ಬೈಬಲಿನ ಮಾತು ನೀತಿವಂತರೆಂಬ "ನಿರ್ಣಯ". ನಿರ್ಣಯವು ನ್ಯಾಯಸ್ಥಾನದ ಪದ. ತಪ್ಪಿತಸ್ಥನು ಕಟಕಟೆಯಲ್ಲಿ ನಿಂತಿದ್ದಾನೆ, ಅವನು ಇನ್ನೂ ಬದಲಾಗಿಲ್ಲ, ಆದರೂ ಕ್ರಿಸ್ತನ ನಿಮಿತ್ತ ತೀರ್ಪು ಅವನ ಪರವಾಗಿ ಹೊರಬೀಳುತ್ತದೆ. ಬದಲಾವಣೆ ಆ ತೀರ್ಪಿನ ಫಲವೇ ಹೊರತು ಕಾರಣವಲ್ಲ. ಲೂಥರನ್ ಬೋಧನೆಯ ಹೃದಯವಾದ ಈ ಮಾತನ್ನು ಬಾಲ್ಯದಿಂದ ಕೇಳಿದ್ದರೂ ನಾನು ಒಳ್ಳೆಯವನಾದ ಮೇಲೆ ದೇವರು ಒಪ್ಪುತ್ತಾನೆ ಎಂಬ ಭಾವನೆ ನನ್ನ ಒಳಗೆ ಎಲ್ಲೋ ಉಳಿದಿತ್ತು. ಕನ್ನಡದ ಆ ಒಂದು ಪದ ಅದನ್ನು ಕಿತ್ತುಹಾಕಿತು. ಅದೇ ಪತ್ರದ ಮೂರನೆಯ ಅಧ್ಯಾಯದಲ್ಲಿ ಲೂಥರ್ ಜರ್ಮನ್ ಭಾಷೆಯ ಜಾಯಮಾನಕ್ಕೆ ಬೇಕೆಂದು "ಮಾತ್ರ" ಎಂಬ ಪದವನ್ನು ಸೇರಿಸಿ, ಅದಕ್ಕಾಗಿ ವಾದಿಸಬೇಕಾಯಿತು. ನಾವು "ನಂಬಿಕೆಯಿಂದಲೇ" ಎನ್ನುತ್ತೇವೆ. ಕೊನೆಯ ಒಂದು ಏಕಾರ ಆ ಕೆಲಸವನ್ನೆಲ್ಲ ಮಾಡುತ್ತದೆ. ಮಕ್ಕಳಿಗೆ ಕಲಿಸುವಾಗ ಆ ಏಕಾರವನ್ನು ಒತ್ತಿ ಹೇಳಿಸುತ್ತೇನೆ.

ಆರಾಧನೆಯಲ್ಲಿ ರೊಟ್ಟಿ ದ್ರಾಕ್ಷಾರಸಗಳನ್ನು ಹಂಚುವ ಕರ್ತನ ಭೋಜನದ ಭಾಗದಲ್ಲಿ, ರೊಟ್ಟಿ ಮತ್ತು ದ್ರಾಕ್ಷಾರಸದ "ಅಡಿಯಲ್ಲಿ" ಕ್ರಿಸ್ತನ ನಿಜವಾದ ದೇಹವೂ ರಕ್ತವೂ ಇವೆ ಎಂಬ ಮಾತನ್ನು "ಕೆಳಗೆ" ಎಂದು ಬರೆದಿದ್ದೆ. ಪಕ್ಕದ ಮನೆಯ ಹುಡುಗ ತಟ್ಟೆಯ ಕೆಳಗಾ ಎಂದು ಮುಗ್ಧನಾಗಿ ಕೇಳಿದ. "ರೊಟ್ಟಿಯ ರೂಪದಲ್ಲಿಯೇ ನಮಗೆ ಕೊಡಲ್ಪಡುವ" ಎಂದು ತಿದ್ದಿದೆವು. ಸಭಾಪಾಲಕರು, ರೊಟ್ಟಿಯು ಬರೀ ರೂಪವಾಗಿ ಉಳಿಯಿತೆಂಬ ಅರ್ಥ ಬರುತ್ತದೆ, ಅದು ನಮ್ಮ ಬೋಧನೆಯಲ್ಲ, ರೊಟ್ಟಿ ರೊಟ್ಟಿಯಾಗಿಯೇ ಇರುತ್ತದೆ ಎಂದು ತಡೆದರು. ಕೊನೆಗೆ "ರೊಟ್ಟಿಯಲ್ಲಿಯೂ ರೊಟ್ಟಿಯೊಡನೆಯೂ" ಎಂದು ನಿಂತಿತು. 1529ರ ಅಕ್ಟೋಬರಿನಲ್ಲಿ ಜರ್ಮನಿಯ ಮಾರ್ಬುರ್ಗಿನಲ್ಲಿ ಲೂಥರನೂ ಸ್ವಿಟ್ಜರ್ಲೆಂಡಿನ ಧರ್ಮಸುಧಾರಕ ಜ್ವಿಂಗ್ಲಿಯೂ ಎದುರುಬದುರು ಕುಳಿತಾಗ, ಲೂಥರ್ "ಇದು ನನ್ನ ದೇಹ" ಎಂಬುದನ್ನು ಲ್ಯಾಟಿನಿನಲ್ಲಿ ಮೇಜಿನ ಮೇಲೆ ಸೀಮೆಸುಣ್ಣದಿಂದ ಬರೆದುಕೊಂಡಿದ್ದರು. ಆ ವಾಕ್ಯದ ನಡುವಿನ ಚಿಕ್ಕ ಕ್ರಿಯಾಪದವನ್ನು "ಸೂಚಿಸುತ್ತದೆ" ಎಂದು ಓದಬೇಕೆಂದು ಜ್ವಿಂಗ್ಲಿಯ ವಾದ. "ಇದು ನನ್ನ ದೇಹ" ಎಂಬ ನಮ್ಮ ವಾಕ್ಯದಲ್ಲಿ ಆ ಕ್ರಿಯಾಪದವೇ ಇಲ್ಲ. ಇದು, ನನ್ನ ದೇಹ, ನಡುವೆ ಏನೂ ಇಲ್ಲ. ಇದರಿಂದ ವಾದ ತೀರಿತೆಂದು ನಾನು ಹೇಳುವುದಿಲ್ಲ. ಮಕ್ಕಳು ಮಾತ್ರ ಅದನ್ನು ಕೇಳಿದಂತೆಯೇ ತೆಗೆದುಕೊಂಡರು.

ಕರ್ತನ ಪ್ರಾರ್ಥನೆಯಲ್ಲಿ ಬರುವ ಅನುದಿನದ ಆಹಾರದ ಬಿನ್ನಹವನ್ನು ಕಲಿಸಿದ ರಾತ್ರಿಗಳು ನನಗೆ ಎಲ್ಲಕ್ಕಿಂತ ಪ್ರಿಯ. ಆಹಾರವೆಂದರೆ ಅನ್ನಪಾನ, ಬಟ್ಟೆ, ಪಾದರಕ್ಷೆ, ಮನೆ, ಹೊಲ, ದನಕರು, ಹಣ, ಒಳ್ಳೆಯ ಸಂಗಾತಿ, ಒಳ್ಳೆಯ ಆಡಳಿತ, ಒಳ್ಳೆಯ ಹವೆ, ಸಮಾಧಾನ, ಆರೋಗ್ಯ, ನಂಬಿಗಸ್ತ ನೆರೆಯವರು ಎಂದು ಲೂಥರ್ ಉದ್ದಕ್ಕೆ ಪಟ್ಟಿ ಕೊಡುತ್ತಾರೆ. ಪಾಠವನ್ನು ಬದಲಿಸಬಾರದೆಂಬ ನಿಯಮದಂತೆ ಅದನ್ನು ಹಾಗೆಯೇ ಇಟ್ಟು, ಹೇಳಿ ಮುಗಿಸಿದ ಮೇಲೆ ನಿಮ್ಮ ಮನೆಯಲ್ಲಿ ಇನ್ನೇನು ಸೇರುತ್ತದೆ ಎಂದು ಕೇಳುತ್ತಿದ್ದೆ. ಡೆಂಕಣಿಕೋಟೆ ಕಡೆಯ ಹುಡುಗಿಯೊಬ್ಬಳು ರಾಗಿ ಹೊಲಕ್ಕೆ ಆನೆ ಇಳಿಯದಿರುವುದು ಎಂದಳು. ಕೊಯ್ಲಿನ ಕಾಲದಲ್ಲಿ ಅವಳ ತಂದೆ ರಾತ್ರಿಯೆಲ್ಲ ಅಟ್ಟಣೆಯ ಮೇಲೆ ಕಾವಲಿರುತ್ತಾರೆ. ಗುಲಾಬಿ ಬೆಳೆಯುವ ಮನೆಯ ಹುಡುಗ ಹಬ್ಬದ ಮುಂದೆ ಹೂವಿಗೆ ಬೆಲೆ ಎಂದ. ನಾನು ನನ್ನ ಕಬ್ಬಿಣದ ಮೂತಿಯ ಸೇಫ್ಟಿ ಶೂಗಳನ್ನು ತೋರಿಸಿ, ಲೂಥರನ ಪಟ್ಟಿಯಲ್ಲಿ ಇವೂ ಇವೆ ಎಂದೆ.

ಕಾರ್ಖಾನೆಯ ಬದುಕಿನಲ್ಲಿ ಮುಂಜಾನೆಯ ಮತ್ತು ಸಂಜೆಯ ಪ್ರಾರ್ಥನೆಗಳನ್ನು ಇಟ್ಟುಕೊಳ್ಳುವುದು ಹೇಗೆಂಬುದು ನನ್ನ ಸ್ವಂತ ತೊಡಕಾಗಿತ್ತು. ಎದ್ದ ಕೂಡಲೆ ಪ್ರಾರ್ಥಿಸಿ, ಹಾಡು ಹಾಡುತ್ತ ಸಂತೋಷದಿಂದ ಕೆಲಸಕ್ಕೆ ಹೋಗು ಎಂದು ಪ್ರಶ್ನೋತ್ತರ ಹೇಳುತ್ತದೆ. ರಾತ್ರಿ ಪಾಳಿಯವನಿಗೆ ಕೆಲಸ ಮುಗಿಯುವ ಹೊತ್ತೇ ಮುಂಜಾನೆ. ಕೆಲವು ತಿಂಗಳು ಪ್ರಾರ್ಥನೆಗಳನ್ನು ಅದಲುಬದಲು ಮಾಡಿ ನೋಡಿದೆ. ಆಮೇಲೆ, ಈ ರಾತ್ರಿ ನನ್ನನ್ನು ಎಲ್ಲ ಕೇಡಿನಿಂದಲೂ ಅಪಾಯದಿಂದಲೂ ಕಾಪಾಡಿದ್ದಕ್ಕಾಗಿ ವಂದನೆ ಎಂಬ ಮುಂಜಾನೆಯ ಮಾತು, ರಾತ್ರಿಯಿಡೀ ತಿರುಗುವ ಯಂತ್ರದ ಮುಂದೆ ಬೆರಳುಗಳನ್ನು ಉಳಿಸಿಕೊಂಡು ಬಂದವನಿಗೆ ಎಷ್ಟು ನಿಜವೆಂದು ತಿಳಿಯಿತು. ಈಗ ಪಾಳಿ ಮುಗಿಸಿ ಬಂದು ಮಕ್ಕಳು ಶಾಲೆಗೆ ಹೊರಡುವ ಮುನ್ನ ಅವರೊಡನೆ ಅದನ್ನೇ ಹೇಳುತ್ತೇನೆ. ಅವರು ಕೆಲಸಕ್ಕೆ ಹೋಗುತ್ತಾರೆ, ನಾನು ಮಲಗುತ್ತೇನೆ.

ಲಿಪಿಯ ಕಷ್ಟವನ್ನೂ ಹೇಳಬೇಕು. ತಮಿಳುನಾಡಿನಲ್ಲಿ 2006ರ ತಮಿಳು ಕಲಿಕೆ ಕಾನೂನಿನ ನಂತರ ಹತ್ತನೆಯ ತರಗತಿಯವರೆಗೆ ಹಂತಹಂತವಾಗಿ ತಮಿಳು ಕಡ್ಡಾಯವಾಯಿತು; ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಕನ್ನಡ ಆಡುತ್ತಾರೆ, ಓದಲಾರರು. ಮೊದಲು ಕನ್ನಡವನ್ನು ತಮಿಳು ಅಕ್ಷರದಲ್ಲಿ ಬರೆದುಕೊಟ್ಟೆ. ಅಲ್ಲಿ ಫಲಕ್ಕೂ ಬಲಕ್ಕೂ ಒಂದೇ ಅಕ್ಷರವಾದ್ದರಿಂದ ಆತ್ಮನ ಫಲವು ಆತ್ಮನ ಬಲವಾಗಿ ಹೋಯಿತು. ಹಾಳೆಗಳನ್ನು ಎತ್ತಿಟ್ಟು, ನನ್ನ ತಾಯಿ ಹೇಳಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಮನೆಮನೆಗೆ ಕಳುಹಿಸಿದೆ. ಕಿವಿಯಿಂದ ಕಲಿತ ಮೇಲೆ ಅಕ್ಷರ ಕಲಿಯುವುದು ಸುಲಭವಾಯಿತು; ಬಾಯಿಪಾಠವಾದ ಮೊದಲ ಆಜ್ಞೆಯೇ ಅವರ ಕನ್ನಡದ ಮೊದಲ ಓದಿನ ಪುಟವಾಯಿತು.

ದೇವಾಲಯ ಮತ್ತೆ ತೆರೆದ ಮೇಲೆ ಕೆಲವು ಹಿರಿಯರು ಸದ್ಭಾವದಿಂದಲೇ, ಸಭೆ ಮಾತಿನ ಮೇಲೆ ಒಡೆಯಬಾರದಲ್ಲವೇ ಎಂದು ಕೇಳಿದರು. ನನಗೂ ಆ ಭಯವಿತ್ತು. 1526ರಲ್ಲಿ ಜರ್ಮನ್ ಆರಾಧನೆಯ ಕ್ರಮವನ್ನು ಹೊರತಂದಾಗಲೂ ಲೂಥರ್ ಲ್ಯಾಟಿನನ್ನು ಹೊರಗೆ ಹಾಕಲಿಲ್ಲ, ಸಾಧ್ಯವಿದ್ದರೆ ಭಾನುವಾರಕ್ಕೊಂದರಂತೆ ನಾಲ್ಕು ಭಾಷೆಗಳಲ್ಲಿ ಆರಾಧನೆ ನಡೆಸುತ್ತಿದ್ದೆನೆಂದು ಬರೆದರು ಎಂಬುದನ್ನು ಓದಿ ತೋರಿಸಿದೆ. ಸುವಾರ್ತೆಯ ಬೋಧನೆಯಲ್ಲಿಯೂ ಸಂಸ್ಕಾರಗಳಲ್ಲಿಯೂ ಒಮ್ಮತವಿದ್ದರೆ ಸಭೆಯ ಐಕ್ಯಕ್ಕೆ ಸಾಕು, ಮನುಷ್ಯರು ಏರ್ಪಡಿಸಿದ ಆಚಾರಗಳು ಎಲ್ಲೆಡೆ ಒಂದೇ ಆಗಿರಬೇಕಿಲ್ಲ ಎಂಬ ಲೂಥರನ್ ಸಭೆಗಳ ಮೂಲ ಬೋಧನಾಪತ್ರವಾದ 1530ರ ಔಗ್ಸ್‌ಬುರ್ಗ್ ವಿಶ್ವಾಸಪ್ರಮಾಣದ ಏಳನೆಯ ವಿಧಿಯನ್ನು ಸಭಾಪಾಲಕರೇ ವಿವರಿಸಿದರು. ಎರಡು ತಿಂಗಳ ಮಾತುಕತೆಯ ನಂತರ ಕರ್ತನ ಪ್ರಾರ್ಥನೆಯನ್ನು ತಿಂಗಳಿಗೊಂದು ಭಾನುವಾರ ಎರಡೂ ಭಾಷೆಗಳಲ್ಲಿ ಹೇಳುವುದೆಂದಾಯಿತು. ಮೊದಲ ಸಲ ಕನ್ನಡದಲ್ಲಿ ಹೇಳಿದಾಗ ದನಿಗೂಡಿಸಿದವರಲ್ಲಿ ನಾನು ತಮಿಳರೆಂದೇ ತಿಳಿದಿದ್ದ ಇಬ್ಬರು ಅಜ್ಜಂದಿರಿದ್ದರು.

ಈಗ ನಾಲ್ಕನೆಯ ಭಾಗವಾದ ದೀಕ್ಷಾಸ್ನಾನದಲ್ಲಿದ್ದೇವೆ. ನಮ್ಮೊಳಗಿನ ಹಳೆಯ ಆದಾಮನು ದಿನದಿನದ ಪಶ್ಚಾತ್ತಾಪದಿಂದ ಮುಳುಗಿ ಸಾಯಬೇಕು, ಹೊಸ ಮನುಷ್ಯನು ದಿನವೂ ಎದ್ದು ಬರಬೇಕು ಎಂಬ ವಾಕ್ಯದಲ್ಲಿ, ಕನ್ನಡ ಬೈಬಲಿನ "ಪೂರ್ವಸ್ವಭಾವ" ಎಂಬ ಪದವನ್ನು ಬಳಸಬೇಕೆಂದಿದ್ದೆ. ತಾಯಿ, "ಸ್ವಭಾವ ಮುಳುಗಲ್ಲ, ಮನುಷ್ಯ ಮುಳುಗ್ತಾನೆ" ಎಂದರು. ಆದಾಮನನ್ನೇ ಉಳಿಸಿಕೊಂಡೆವು. ಬರುವ ತಿಂಗಳು ನಮ್ಮ ಓಣಿಯ ಒಂದು ಮನೆಯ ಕೂಸಿಗೆ ದೀಕ್ಷಾಸ್ನಾನವಿದೆ. ತಂದೆತಾಯಿಗಳಿಗೂ ಸಾಕ್ಷಿಗಳಿಗೂ ಪ್ರಶ್ನೆಗಳನ್ನು ಕನ್ನಡದಲ್ಲಿ ಕೇಳಲು ಸಭಾಪಾಲಕರು ಒಪ್ಪಿದ್ದಾರೆ, ನಾನು ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟ ಹಾಳೆಯನ್ನು ಸಂಜೆ ಹೊತ್ತು ನಮ್ಮ ಜಗಲಿಯಲ್ಲಿ ಕುಳಿತು ಓದಿ ಅಭ್ಯಾಸ ಮಾಡುತ್ತಿದ್ದಾರೆ.