ಒಂದೂವರೆ ಬಂದ್ರ ಏನ್ ಮಾಡಬೇಕ್ರಿ ಸರ್?

ಎಂಪಿರಿಕಲ್ ಫಾರ್ಮುಲಾ (ಸಂಯುಕ್ತದಲ್ಲಿರುವ ಪರಮಾಣುಗಳ ಅತಿ ಸರಳ ಅನುಪಾತ) ಕಲಿಸುವಾಗ ಮೊದಲ ಲೆಕ್ಕವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್ ಕೊಡುವುದನ್ನು ನಾನು ಬಿಟ್ಟಿದ್ದೇನೆ. ಕ್ಯಾಲ್ಸಿಯಂ ಶೇ 40, ಕಾರ್ಬನ್ 12, ಆಕ್ಸಿಜನ್ 48. ಒಂದೊಂದನ್ನೂ ಅದರ ಪರಮಾಣು ತೂಕದಿಂದ ಭಾಗಿಸಿದರೆ ಸಲೀಸಾಗಿ 1, 1, 3. ಮಕ್ಕಳಿಗೆ ಖುಷಿಯಾಗುತ್ತದೆ, ತಲೆಗೆ ಏನೂ ಇಳಿಯುವುದಿಲ್ಲ.

ಬೀದರಿನ ನಮ್ಮ ಪಿಯುಸಿ ಮಕ್ಕಳಿಗೆ ಈಗ ಕಬ್ಬಿಣದ ಆಕ್ಸೈಡಿನಿಂದಲೇ ಶುರು. ಕೋಟೆಯ ಜಂಬಿಟ್ಟಿಗೆಗೆ ಕೆಂಪು ಕೊಟ್ಟದ್ದು ಅದೇ ಎಂದರೆ ಕಿವಿ ನೆಟ್ಟಗಾಗುತ್ತವೆ. ಶುದ್ಧ ರೂಪದಲ್ಲಿ ಕಬ್ಬಿಣ ಶೇ 69.9, ಆಕ್ಸಿಜನ್ ಶೇ 30.1. ನೂರು ಗ್ರಾಂ ಇದೆ ಅಂದುಕೊಂಡರೆ ಶೇಕಡಾವೇ ಗ್ರಾಂ. ಕಬ್ಬಿಣವನ್ನು ಅದರ ಪರಮಾಣು ತೂಕ 55.85ರಿಂದ ಭಾಗಿಸಿದರೆ 1.25 ಮೋಲ್ (ಪರಮಾಣುಗಳನ್ನು ಎಣಿಸುವ ಅಳತೆ), ಆಕ್ಸಿಜನ್ನನ್ನು 16ರಿಂದ ಭಾಗಿಸಿದರೆ 1.88. ಚಿಕ್ಕದರಿಂದ ಎರಡನ್ನೂ ಭಾಗಿಸಿ: 1 ಮತ್ತು 1.5.

ಇಲ್ಲಿ ಅರ್ಧ ಕ್ಲಾಸು 1.5 ಅಳಿಸಿ 2 ಬರೆಯುತ್ತದೆ. ನಾನು ಸುಮ್ಮನಿರುತ್ತೇನೆ. ಯಾರಾದರೂ ಒಬ್ಬರು ‘ಒಂದೂವರಿ ಪರಮಾಣು ಹ್ಯಾಂಗ ಇರ್ತದ್ರಿ?’ ಅಂದ ಮೇಲೇ ಎರಡರಿಂದ ಗುಣಿಸುವ ಮಾತು. ಎರಡು ಕಬ್ಬಿಣ, ಮೂರು ಆಕ್ಸಿಜನ್. ಬಾಲದಲ್ಲಿ .33 ಇದ್ದರೆ ಮೂರರಿಂದ, .25 ಇದ್ದರೆ ನಾಲ್ಕರಿಂದ.

ಹಾಗಂತ ರೌಂಡ್ ಮಾಡಲೇಬಾರದು ಎಂದೇನಿಲ್ಲ. ಲ್ಯಾಬಿನಲ್ಲಿ ಮ್ಯಾಗ್ನೀಷಿಯಂ ರಿಬ್ಬನ್ ಸುಟ್ಟಾಗ ಒಂದಕ್ಕೆ 0.9 ಆಕ್ಸಿಜನ್ ಬಂದರೆ ಒಂದು ಎಂದೇ ಬರೆಸುತ್ತೇನೆ, ಕಾರಣ ಹೇಳಿಸಿಕೊಂಡು. ಕ್ರೂಸಿಬಲ್ (ಕಾಯಿಸುವ ಪುಟ್ಟ ಬಟ್ಟಲು) ಮುಚ್ಚಳ ಹೆಚ್ಚು ತೆರೆದರೆ ಬಿಳಿ ಹೊಗೆಯ ಜೊತೆ ಆಕ್ಸೈಡ್ ಹೋಯಿತು. ತೆರೆಯದಿದ್ದರೆ ಲೋಹ ಪೂರ್ತಿ ಉರಿಯಲಿಲ್ಲ. ರಿಬ್ಬನ್ನನ್ನು ಸ್ಯಾಂಡ್ ಪೇಪರಿನಿಂದ ಉಜ್ಜದಿದ್ದರೆ ಹಳೆಯ ಆಕ್ಸೈಡೂ ಲೋಹವೆಂದೇ ತೂಗಿತು. ಸ್ವಲ್ಪ ಲೋಹ ಗಾಳಿಯ ನೈಟ್ರೋಜನ್ ಹಿಡಿದು ನೈಟ್ರೈಡ್ ಆಗುವುದೂ ಉಂಟು. ತಣ್ಣಗಾದ ಮೇಲೆ ಎರಡು ಹನಿ ನೀರು ಹಾಕಿದರೆ ಅಮೋನಿಯಾ ವಾಸನೆ, ಮತ್ತೆ ಚೆನ್ನಾಗಿ ಕಾಯಿಸಿದರೆ ಆಕ್ಸೈಡ್. ಈ ನಾಲ್ಕೂ ಆಕ್ಸಿಜನ್ನನ್ನು ಕಡಿಮೆಯೇ ತೋರಿಸುತ್ತವೆ. ಅದಕ್ಕೇ ತೂಕ ಬದಲಾಗುವುದು ನಿಲ್ಲುವವರೆಗೆ ಕಾಯಿಸಿ, ಆರಿಸಿ, ತೂಗಿಸುತ್ತೇನೆ. ಪಿರಿಯಡ್ ಮುಗಿದ ಗಂಟೆ ಹೊಡೆದರೂ ಸರಿಯೇ.

ಒಮ್ಮೆ ಒಬ್ಬ ಹುಡುಗ ಬಿದ್ರಿ ಲೋಹಕ್ಕೂ ಫಾರ್ಮುಲಾ ತೆಗೆದುಕೊಂಡು ಬಂದ. ಸಾಮಾನ್ಯವಾಗಿ ಹೇಳುವ ಅಳತೆ 16 ಪಾಲು ಸತುವಿಗೆ 1 ಪಾಲು ತಾಮ್ರ. ಮೋಲ್ ಲೆಕ್ಕದಲ್ಲಿ 15.5ಕ್ಕೆ 1, ನಾನೇ ಕಲಿಸಿದಂತೆ ದುಪ್ಪಟ್ಟು ಮಾಡಿ 31ಕ್ಕೆ 2 ಎಂದು ಬರೆದಿದ್ದ. ಗಣಿತದಲ್ಲಿ ತಪ್ಪು ಹುಡುಕಲು ಆಗಲಿಲ್ಲ. ಆದರೆ ಅದು ಸಂಯುಕ್ತವಲ್ಲ, ಮಿಶ್ರಲೋಹ. ಎರಕ ಹೊಯ್ಯುವವರು ತಾಮ್ರ ತುಸು ಹೆಚ್ಚಿಸಿದರೆ ಅನುಪಾತವೂ ಬದಲಾಗುತ್ತದೆ. ಆ ಲೆಕ್ಕವನ್ನು ಈಗ ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದು, ಇದರಲ್ಲಿ ಏನು ಸರಿಯಿಲ್ಲ ಎಂದು ಕೇಳುತ್ತೇನೆ.