ಬಾಣಂತಿಗೆ ರಾತ್ರಿ 4 ಗಂಟೆ ಗಟ್ಟಿ ನಿದ್ದೆ
ಮನೆಯಲ್ಲಿ ಬಾಣಂತಿ ಇದ್ದರೆ, ರಾತ್ರಿ 9ಕ್ಕೆ ಹಾಲು ಕುಡಿಸಿದ ಕೂಡಲೇ ಮಗುವನ್ನು ಬೇರೆ ಕೋಣೆಗೆ ಎತ್ತಿಕೊಂಡು ಹೋಗಿ, ತಾಯಿಗೆ 4 ಗಂಟೆ ಒಂದೇ ಸಮನೆ ಮಲಗಲು ಬಿಡಿ. ನಡುವೆ ಮಗು ಎದ್ದರೆ ಮೊದಲೇ ಹಿಂಡಿಟ್ಟ ಎದೆಹಾಲನ್ನು ಅಜ್ಜಿಯೋ ಅಪ್ಪನೋ ಒಳಲೆಯಲ್ಲಿ ಕುಡಿಸಬಹುದು. ಹೆರಿಗೆಯಾದ ಮೂರ್ನಾಲ್ಕು ದಿನಕ್ಕೆ ಸುಮ್ ಸುಮ್ನೆ ಅಳು ಬರುತ್ತದಲ್ವಾ, ಹಾರ್ಮೋನುಗಳು ದಿಢೀರನೆ ಇಳಿಯುವ ಹೊತ್ತು ಅದು. ತುಂಡು ತುಂಡು ನಿದ್ದೆ ಅದನ್ನು ಇನ್ನೂ ಜಾಸ್ತಿ ಮಾಡುತ್ತದೆ. ಆದರೆ ಮಗು ಮಲಗಿದಾಗಲೂ ಅವಳಿಗೆ ನಿದ್ದೆ ಬಾರದಿದ್ದರೆ, ಅಥವಾ ಅಳು ಎರಡು ವಾರ ದಾಟಿದರೆ ಈ ಉಪಾಯ ಸಾಲದು. ದೃಷ್ಟಿಯಾಗಿದೆ ಅಂತ ಮೆಣಸಿನಕಾಯಿ ನಿವಾಳಿಸುತ್ತಾ ಕೂರಬೇಡಿ. ಡಾಕ್ಟರಿಗೆ ತೋರಿಸಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಮಾತಾಡಿದರೆ, ಇಲ್ಲದ ದನಿ ಕೇಳಿಸುತ್ತಿದೆ ಎಂದರೆ ಬೆಳಗಾಗಲಿ ಅನ್ನಬೇಡಿ, ಆಗಲೇ ಆಸ್ಪತ್ರೆಗೆ ಹೊರಡಿ.